ಮುಗುಳ್ನಗೆ ಬಿಲ್ಲಿನಲ್ಲಿ ಸೇರಿಲ್ಲ

ಹಾಂಗ್‌ಕಾಂಗಿಗೆ ಹೋಗಿಬಂದ ನಮ್ಮವರು ಬರೆಯೋ ಪ್ರವಾಸದ ಟಿಪ್ಪಣಿಗಳಲ್ಲಿ, ಮಾಡೋ ವಿಡಿಯೋಗಳಲ್ಲಿ, ಹೋಟೆಲುಗಳಿಗೆ ನಕ್ಷತ್ರ ಹಂಚೋ ಆ್ಯಪುಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣಿಸುತ್ತೆ. ಊಟ ಪರವಾಗಿಲ್ಲ, ಆದ್ರೆ ಸರ್ವೀಸು ತುಂಬಾ ಒರಟು. ಮೆನು ಓದೋಕೂ ಬಿಡಲ್ಲ, ತಟ್ಟೆ ಕುಕ್ಕಿ ಹೋಗ್ತಾರೆ, ಕೊನೇ ತುತ್ತು ಬಾಯಲ್ಲಿರುವಾಗಲೇ ಬಿಲ್ಲು ತಂದಿಡ್ತಾರೆ, ಗುರುತು ಪರಿಚಯ ಇಲ್ಲದವರ ಜೊತೆ ಕೂರಿಸ್ತಾರೆ. ಇಷ್ಟು ಹೇಳಿ ಎರಡೋ ಮೂರೋ ನಕ್ಷತ್ರ ಕೊಟ್ಟು ಮುಗಿಸುತ್ತಾರೆ. ದೂರು ಬೀಳೋದು ದೊಡ್ಡ ಹೋಟೆಲುಗಳ ಮೇಲಲ್ಲ. ಚಾ ಚಾನ್ ತೆಂಗ್ ಅಂತ ಕರೆಯೋ, ಅಲ್ಲಿನ ಕ್ಯಾಂಟನೀಸ್ ಜನ ದಿನಾ ತಿನ್ನೋ ಸಾಧಾರಣ ಹೋಟೆಲುಗಳ ಮೇಲೆ.

ದೂರಿನಲ್ಲಿರುವ ವಿವರಗಳೆಲ್ಲ ನಿಜ. ತೀರ್ಪು ಮಾತ್ರ ತಪ್ಪು. ಚಾ ಚಾನ್ ತೆಂಗ್‌ನ ಆ ಒರಟು ವೇಗ ಅದರ ಕೊರತೆಯಲ್ಲ, ಅದು ಕೊಡುವ ಮರ್ಯಾದೆಯೇ ಆ ರೂಪದಲ್ಲಿದೆ ಅನ್ನೋದು ನನ್ನ ವಾದ. ಇದನ್ನು ಬಿಟ್ಟು ಅಲ್ಲಿನ ಊಟದ ವಿಮರ್ಶೆ ಮಾಡೋಕೆ ಹೊರಟರೆ ಊಟವೂ ಅರ್ಥ ಆಗೋದಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಪರಿಚಯ. ಚಾ ಅಂದರೆ ಚಾ, ಚಾನ್ ಅಂದರೆ ಊಟ, ತೆಂಗ್ ಅಂದರೆ ಹಾಲು, ಪಡಸಾಲೆ. ನಮ್ಮ ಉತ್ತರ ಕರ್ನಾಟಕದವರು ಬಾಯ್ತುಂಬ ಹೇಳೋ 'ಚಾ'ಗೂ ಈ 'ಚಾ'ಗೂ ಮೂಲ ಒಂದೇ, ಚೀನಾದ ಚಾ. ಒಳಗೆ ಹೋದರೆ ಫಾರ್ಮೈಕಾ ಮೇಜುಗಳು, ರೈಲಿನ ಬೋಗಿಯಲ್ಲಿರುವಂಥ ಎದುರುಬದುರು ಸೀಟುಗಳು, ಮೇಜಿನ ಗಾಜಿನಡಿ ತುರುಕಿದ ಮೆನು, ಗೋಡೆ ತುಂಬ ಅಂಟಿಸಿದ ಬಣ್ಣದ ಚೀಟಿಗಳು. ಕೂತ ಕೂಡಲೇ ನೀರಿನ ಬದಲು ಪ್ಲಾಸ್ಟಿಕ್ ಲೋಟದಲ್ಲಿ ತೆಳ್ಳಗಿನ ಬಿಸಿ ಚಾ ಬರುತ್ತೆ. ಹಳಬರು ಅದನ್ನು ಕುಡಿಯೋದಕ್ಕಿಂತ ಚಮಚ, ಕಡ್ಡಿ ತೊಳೆಯೋಕೆ ಬಳಸೋದನ್ನೂ ನೋಡಬಹುದು. ಬೆಳಗಿನ ಸೆಟ್ಟು, ಮಧ್ಯಾಹ್ನದ ಸೆಟ್ಟು, ಮೂರು ಗಂಟೆ ಹೊತ್ತಿಗೆ ಟೀ ಸೆಟ್ಟು. ಬಿಸಿ ಪಾನೀಯ ಸೆಟ್ಟಿನಲ್ಲೇ ಸೇರಿರುತ್ತೆ, ತಣ್ಣಗಿನದು ಬೇಕಂದ್ರೆ ಎರಡು ಮೂರು ಡಾಲರ್ ಜಾಸ್ತಿ. ತಿಂದಾದ ಮೇಲೆ ಚೀಟಿ ಎತ್ತಿಕೊಂಡು ಬಾಗಿಲ ಹತ್ತಿರದ ಗಲ್ಲಾಕ್ಕೆ ಹೋಗಿ ದುಡ್ಡು ಕೊಟ್ಟು ಹೊರಡೋದು. ದೊಡ್ಡ ಹೋಟೆಲುಗಳಲ್ಲಿ ಬಿಲ್ಲಿಗೆ ಸೇರಿಸೋ ಶೇಕಡಾ 10ರ ಸರ್ವೀಸ್ ಚಾರ್ಜು ಇಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಮುಗುಳ್ನಗೆಗೆ ದುಡ್ಡು ತೆಗೆದುಕೊಳ್ಳದವರು ಮುಗುಳ್ನಗೆ ಕೊಡಲಿಲ್ಲ ಅಂತ ದೂರುವುದು ಲೆಕ್ಕದ ಪ್ರಕಾರವೂ ಸರಿಯಲ್ಲ.

ಇವು ಹುಟ್ಟಿದ ಕಾಲ ಮುಖ್ಯ. ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ, ಹಾಂಗ್‌ಕಾಂಗಿನ ಜನಸಂಖ್ಯೆ ಸುಮಾರು 6 ಲಕ್ಷ. 1950ರ ದಶಕದ ಆರಂಭಕ್ಕೆ ಅದು 20 ಲಕ್ಷ ದಾಟಿತ್ತು. ಊರು ಬಿಟ್ಟು ಹೋಗಿದ್ದವರು ವಾಪಸ್ ಬಂದರು, ಚೀನಾದ ಅಂತರ್ಯುದ್ಧಕ್ಕೆ ಹೆದರಿದವರು ಬಂದರು. ಬ್ರಿಟಿಷರ ಕ್ಲಬ್ಬು, ದೊಡ್ಡ ಹೋಟೆಲುಗಳಲ್ಲಿ ಸಿಗ್ತಾ ಇದ್ದ ಟೀ, ಟೋಸ್ಟು, ಕೇಕು ಇವರ ಕೈಗೆಟುಕುವಂಥದ್ದಲ್ಲ. ಅದನ್ನು ಅಗ್ಗಕ್ಕೆ ಕೊಡೋಕೆ ಶುರು ಮಾಡಿದ್ದು 'ಬಿಂಗ್ ಸಾಟ್' ಅಂದರೆ ಐಸ್ ಕೋಣೆ ಅನ್ನೋ ಅಂಗಡಿಗಳು. ತಣ್ಣನೆ ಪಾನೀಯ, ಬ್ರೆಡ್ಡು, ಸಣ್ಣಪುಟ್ಟ ತಿಂಡಿ ಅಷ್ಟೇ, ಪೂರ್ತಿ ಊಟ ಬೇಯಿಸಿ ಬಡಿಸಲು ಅವರ ಲೈಸೆನ್ಸು ಬಿಡ್ತಾ ಇರಲಿಲ್ಲ. ಅನ್ನ, ನೂಡಲ್ಸು ಎಲ್ಲ ಸೇರಿಸಿಕೊಂಡು ಬೆಳೆದಿದ್ದೇ ಚಾ ಚಾನ್ ತೆಂಗ್. ಸೆಂಟ್ರಲ್‌ನ ಗೇಜ್ ಸ್ಟ್ರೀಟಿನಲ್ಲಿರೋ ಲಾನ್ ಫಾಂಗ್ ಯುಎನ್ ಶುರುವಾಗಿದ್ದು 1952ರಲ್ಲಿ. ಕಾರ್ಖಾನೆಗಳು ಹೆಚ್ಚಿದ ಹಾಗೆ ಇವೂ ಹೆಚ್ಚಿದವು. ಅಂದರೆ ಈ ಹೋಟೆಲಿನ ಗಿರಾಕಿ ಮೊದಲಿನಿಂದಲೂ ಗಡಿಯಾರ ನೋಡಿಕೊಂಡು ತಿನ್ನೋ ಮನುಷ್ಯ. ಪಾಳಿ ಶುರುವಾಗೋದ್ರೊಳಗೆ ಹೊಟ್ಟೆ ತುಂಬಬೇಕು, ಜೇಬು ಖಾಲಿ ಆಗಬಾರದು.

ಈಗ ಒರಟುತನದ ವಿಷಯಕ್ಕೆ ಬರೋಣ. ಮಧ್ಯಾಹ್ನ ಒಂದು ಗಂಟೆಗೆ ಷಾಮ್ ಷುಯ್ ಪೋ ಬಡಾವಣೆಯ ಯಾವುದಾದರೂ ಚಾ ಚಾನ್ ತೆಂಗ್‌ನಲ್ಲಿ ಕೂತು ಸುಮ್ಮನೆ ನೋಡಿ. ಹೊರಗೆ ಹತ್ತು ಜನ ನಿಂತಿರ್ತಾರೆ. ಒಳಗೆ ಕೆಲಸ ಮಾಡೋರು ಮೂವರೋ ನಾಲ್ವರೋ. ನೀವು ಮೆನು ಹಿಡಿದು ಯೋಚನೆ ಮಾಡೋ ಒಂದೊಂದು ನಿಮಿಷವೂ ಹೊರಗೆ ನಿಂತವನ ಊಟದ ವಿರಾಮದಿಂದ ಕಳೆಯೋ ನಿಮಿಷ. ಮಾಣಿ ನಿಮ್ಮನ್ನ ಅವಸರ ಮಾಡಿಸ್ತಾ ಇರೋದು ಮಾಲೀಕನಿಗೋಸ್ಕರ ಅಂತ ಅನ್ನಿಸುತ್ತೆ, ಅದೂ ಹೌದು, ಹಾಂಗ್‌ಕಾಂಗಿನ ಬಾಡಿಗೆ ಅಂಥದ್ದು. ಆದರೆ ಅಷ್ಟೇ ಮಟ್ಟಿಗೆ ಅದು ಆ ಹೊರಗೆ ನಿಂತವನಿಗೋಸ್ಕರವೂ ಹೌದು. ಅಲ್ಲಿನವರಿಗೆ ಇದು ಗೊತ್ತು. ಅವರು ಕೂರೋ ಮೊದಲೇ ಏನು ಬೇಕು ಅಂತ ನಿರ್ಧಾರ ಮಾಡಿರ್ತಾರೆ, ತಿಂತಾರೆ, ಏಳ್ತಾರೆ. ಜೋರ್ಡನ್ ಬಡಾವಣೆಯ ಆಸ್ಟ್ರೇಲಿಯಾ ಡೇರಿ ಕಂಪನಿ ಅನ್ನೋ ಅಂಗಡಿ 1970ರಿಂದ ಇದೆ. ಅದರ ಮೊಟ್ಟೆ ಟೋಸ್ಟು, ಹಬೆಯಲ್ಲಿ ಬೇಯಿಸಿದ ಹಾಲಿನ ಪುಡಿಂಗಿಗೆ ಎಷ್ಟು ಹೆಸರೋ ಅಷ್ಟೇ ಹೆಸರು ಅದರ ವೇಗಕ್ಕೂ ಇದೆ. ಅಲ್ಲಿಗೆ ಹೋಗಿ ವೇಗದ ಬಗ್ಗೆ ದೂರೋದು ಎಕ್ಸ್‌ಪ್ರೆಸ್ ರೈಲು ಹತ್ತಿ ನಮ್ಮೂರ ಸ್ಟೇಷನ್ನಿನಲ್ಲಿ ನಿಲ್ಲಿಸಲಿಲ್ಲ ಅಂದ ಹಾಗೆ.

ನಮ್ಮವರೇ ಊರಲ್ಲಿ ಇದನ್ನು ಬೇರೆ ಥರ ಅಳೆಯುತ್ತಾರೆ. ದರ್ಶಿನಿಯಲ್ಲಿ ನಿಂತುಕೊಂಡು, ಮೊಣಕೈ ತಗುಲಿಸಿಕೊಂಡು ಇಡ್ಲಿ ತಿನ್ನುವಾಗ ಗಲ್ಲಾದವನು ನಗಲಿಲ್ಲ ಅಂತ ಯಾರಾದರೂ ಬೇಜಾರು ಮಾಡ್ಕೊಂಡಿದ್ದಾರಾ? ಹಳೇ ಹೋಟೆಲಿನ ಸಪ್ಲೈಯರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಇಡ್ಲಿ ವಡೆ ದೋಸೆ ಖಾರಾಬಾತ್ ಕೇಸರಿಬಾತ್ ಅಂತ ಒಂದೇ ಉಸಿರಲ್ಲಿ ಹೇಳಿ, ಲೋಟ ಟಣ್ಣಂತ ಇಟ್ಟು ಹೋದರೆ ಅದು 'ಹಳೇ ಬೆಂಗಳೂರಿನ ಸೊಗಡು'. ಅದೇ ಕೆಲಸವನ್ನ ಒಬ್ಬ ಕ್ಯಾಂಟನೀಸ್ ಹೆಂಗಸು ಮಾಡಿದರೆ 'ರೂಡ್ ಸರ್ವೀಸ್'. ಭಾಷೆ ಅರ್ಥ ಆಗದೇ ಇದ್ದಾಗ ದನಿಯಷ್ಟೇ ಕೇಳಿಸುತ್ತೆ. ಕ್ಯಾಂಟನೀಸಿನ ಏರಿಳಿತದ ದನಿ ಗೊತ್ತಿಲ್ಲದ ಕಿವಿಗೆ ಅದು ಜಗಳದ ಹಾಗೇ ಕೇಳೋದು.

ಭಾಷೆ ಸ್ವಲ್ಪ ಗೊತ್ತಿದ್ದರೆ ಅದರಲ್ಲಿ ಎಷ್ಟು ತಮಾಷೆ ಇದೆ ಅಂತ ಗೊತ್ತಾಗುತ್ತೆ. ಅಡುಗೆಮನೆ ಕಡೆ ಮುಖ ಮಾಡಿ ಕೂಗೋ ಆರ್ಡರುಗಳಿಗೆ ಅವರದ್ದೇ ಗುಟ್ಟಿನ ನುಡಿ. ಬರೀ ಬಿಳಿ ಅನ್ನಕ್ಕೆ 'ಲೆಂಗ್ ಚಾಯ್', ಅಂದರೆ ಸುಂದರ ಹುಡುಗ. ಏನೂ ಹಾಕದ ಸಾದಾ ಗಂಜಿಗೆ 'ಸುಂದರ ಹುಡುಗಿ'. ಪಾರ್ಸೆಲ್ ಅನ್ನೋದಕ್ಕೆ 'ಬೀದಿ ಸುತ್ತೋಕೆ ಹೊರಟಿದೆ'. ಸಕ್ಕರೆ ಹಾಲು ಎರಡೂ ಬೇಡದ ಕಾಫಿಗೆ 'ಮರಳು ಹಾರಲಿ, ಹಾಲು ಓಡಲಿ'. ಚೀಟಿಯಲ್ಲಿ ಬರೆಯುವಾಗಲೂ ಅಷ್ಟೇ. ಅನ್ನ ಅನ್ನೋ ಅಕ್ಷರ ಬರೆಯೋಕೆ ಹೊತ್ತು ಬೇಕು ಅಂತ ಅದರ ಒಂದು ತುಂಡನ್ನು ಮಾತ್ರ ಗೀಚುತ್ತಾರೆ. ನಮ್ಮಲ್ಲಿ ಪಲ್ಯ ಇಲ್ಲದ ದೋಸೆಗೆ 'ಖಾಲಿ' ಅಂತ ಹೆಸರಿಟ್ಟ ಹಾಗೇ ಇದು, ಸ್ವಲ್ಪ ಜಾಸ್ತಿ ರಸಿಕತನ ಇದೆ ಅಷ್ಟೇ. ಇಷ್ಟು ನಗೆ ಇಟ್ಟುಕೊಂಡಿರೋ ಜಾಗವನ್ನ ನಗೋದಿಲ್ಲ ಅಂತ ಹೇಗೆ ಹೇಳೋದು?

ಇನ್ನು ಗುರುತಿಲ್ಲದವರ ಜೊತೆ ಕೂರಿಸೋ ವಿಷಯ. ಅದಕ್ಕೆ ಅಲ್ಲಿ 'ದಾಪ್ ತೊಯ್' ಅಂತಾರೆ, ಮೇಜು ಹಂಚಿಕೊಳ್ಳೋದು. ಪ್ರವಾಸಿಗರಿಗೆ ಅತಿ ಹೆಚ್ಚು ಕಸಿವಿಸಿ ಆಗೋದು ಇಲ್ಲೇ. ಆದರೆ ಇದನ್ನ ಕ್ಯಾಂಟನೀಸ್ ಊಟದ ಇನ್ನೊಂದು ಮುಖದ ಜೊತೆ ಇಟ್ಟು ನೋಡಬೇಕು. ಕ್ಯಾಂಟನೀಸ್ ಹಬ್ಬದೂಟ, ಮದುವೆಯೂಟ ಎಲ್ಲ ದುಂಡು ಮೇಜಿನದ್ದು. ಹತ್ತು ಹನ್ನೆರಡು ಜನ ಸುತ್ತ ಕೂತು, ನಡುವೆ ಇಟ್ಟ ಭಕ್ಷ್ಯಗಳನ್ನ ಹಂಚಿಕೊಂಡು ತಿನ್ನೋದು. ಇಡೀ ಮೀನು, ಇಡೀ ಕೋಳಿ. ಅದು ಕುಟುಂಬ ಇದ್ದವರ ಊಟ. ಒಬ್ಬನೇ ಹೋದರೆ ಆ ಮೆನುವಿನಲ್ಲಿ ತರಿಸಬಹುದಾದದ್ದೇ ಕಡಿಮೆ. ಚಾ ಚಾನ್ ತೆಂಗ್‌ನಲ್ಲಿ ಎಲ್ಲವೂ ಒಬ್ಬರ ತಟ್ಟೆ, ಒಬ್ಬರ ಬಟ್ಟಲು, ಒಬ್ಬರ ಲೋಟ. ಹೆಂಡತಿ ಸತ್ತ ಮುದುಕ, ಪಾಳಿ ಮುಗಿಸಿದ ಟ್ಯಾಕ್ಸಿ ಡ್ರೈವರು, ಅಡುಗೆಮನೆಯೇ ಇಲ್ಲದ ಬಾಡಿಗೆ ಕೋಣೆಯಲ್ಲಿರೋ ಹುಡುಗಿ, ಇವರೆಲ್ಲ ಒಂಟಿಯಾಗಿ ಬಂದು ಒಂದೇ ಮೇಜಿಗೆ ಕೂರುತ್ತಾರೆ. ಯಾರೂ ಮಾತಾಡಿಸೋದಿಲ್ಲ. ಮಾತಾಡಿಸಲೇಬೇಕು ಅಂತಲೂ ಇಲ್ಲ. ನಾನು ಕೂತ ಒಂದು ಮೇಜಿನಲ್ಲಿ ಒಬ್ಬ ಅಜ್ಜಿ ತನ್ನ ಪೇಪರನ್ನ ನಾಲ್ಕು ಮಡಿಕೆ ಮಾಡಿ ನನ್ನ ತಟ್ಟೆಗೆ ಜಾಗ ಮಾಡಿಕೊಟ್ಟರು, ತಲೆ ಎತ್ತಲಿಲ್ಲ. ನನಗೆ ಅದಕ್ಕಿಂತ ಹೆಚ್ಚಿನ ಆತಿಥ್ಯ ಬೇಕು ಅನ್ನಿಸಲಿಲ್ಲ. ಒಂಟಿಯಾಗಿ ತಿನ್ನೋದನ್ನ ಅಯ್ಯೋ ಪಾಪ ಅನ್ನೋ ಹಾಗೆ ಮಾಡದ ಜಾಗ ಯಾವ ಊರಿಗೂ ಬೇಕು.

ಊಟಕ್ಕೆ ಬರೋಣ. ಇಲ್ಲಿ ಎರಡನೇ ದೂರು: ಇದು ಚೈನೀಸೇ ಅಲ್ಲ, ಮ್ಯಾಕರೋನಿ, ಟೋಸ್ಟು, ಪೋರ್ಕ್ ಚಾಪ್ ಕೊಟ್ಟು ಕ್ಯಾಂಟನೀಸ್ ಅಂದ್ರೆ ಹೇಗೆ ಅಂತ. ಗೋಬಿ ಮಂಚೂರಿಯನ್ನ ಚೈನೀಸ್ ಅಂತ ತಿಂದು ಬೆಳೆದ ನಾವು ಅಸಲಿತನದ ಪ್ರಶ್ನೆ ಎತ್ತೋದೇ ಒಂದು ತಮಾಷೆ. ಅದಿರಲಿ. ಅಯ್ಯಂಗಾರ್ ಬೇಕರಿಯ ಖಾರಾ ಬನ್ನನ್ನ ಯಾರೂ ಯುರೋಪಿನ ತಿಂಡಿ ಅನ್ನಲ್ಲ. ಬನ್ನು ಅವರದ್ದು, ಅದರೊಳಗೆ ಈರುಳ್ಳಿ ಹಸಿಮೆಣಸಿನಕಾಯಿ ಹಾಕಬೇಕು ಅಂತ ಕಂಡುಕೊಂಡ ನಾಲಿಗೆ ನಮ್ಮದು. ಚಾ ಚಾನ್ ತೆಂಗ್‌ನಲ್ಲೂ ನೋಡಬೇಕಾದ್ದು ಪದಾರ್ಥ ಎಲ್ಲಿಂದ ಬಂತು ಅನ್ನೋದನ್ನಲ್ಲ, ಅದಕ್ಕೆ ಏನು ಮಾಡಿದರು ಅನ್ನೋದನ್ನ.

ಮ್ಯಾಕರೋನಿಯನ್ನೇ ತಗೊಳ್ಳಿ. ಬೆಳಗಿನ ಸೆಟ್ಟಿನಲ್ಲಿ ಅದು ತಿಳಿಸಾರಿನಂಥ ಕೋಳಿ ಸೂಪಿನಲ್ಲಿ ಮುಳುಗಿ ಬರುತ್ತೆ, ಮೇಲೆ ನಾಲ್ಕು ಎಳೆ ಹ್ಯಾಮ್. ಇಟಲಿಯವರು ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗೋ ಹಾಗೆ ಬೇಯಿಸಿದರೆ ಇಲ್ಲಿ ಮೆತ್ತಗಾಗೋ ತನಕ ಬೇಯಿಸುತ್ತಾರೆ. ಅತಿಯಾಗಿ ಬೆಂದಿದೆ ಅಂತ ಬರೆದವರನ್ನ ನೋಡಿದ್ದೇನೆ. ಆದರೆ ಬೆಳಗ್ಗೆ ಎದ್ದು ಬಿಸಿಯಾಗಿ, ನೀರಾಗಿ, ಮೆತ್ತಗೆ ಇರೋದನ್ನ ಹೊಟ್ಟೆಗೆ ಹಾಕಬೇಕು ಅನ್ನೋದು ಕ್ಯಾಂಟನೀಸ್ ಪದ್ಧತಿ. ಗಂಜಿ ಕೂತಿದ್ದ ಜಾಗದಲ್ಲಿ ಮ್ಯಾಕರೋನಿ ಬಂದು ಕೂತಿದೆ ಅಂದುಕೊಂಡರೆ ಎಲ್ಲ ಸರಿಹೋಗುತ್ತೆ. ಅದು ಪಾಸ್ತಾ ಅಲ್ಲ, ಗಂಜಿಯ ತಂಗಿ. ಕೆಟ್ಟ ಮ್ಯಾಕರೋನಿ ಅಂದರೆ ಮೆತ್ತಗಿರೋದಲ್ಲ. ಸೂಪಿಗೆ ಪುಡಿಯ ರುಚಿ ಬಿಟ್ಟು ಬೇರೇನೂ ಇಲ್ಲದ್ದು, ಅಂಥದ್ದು ಬೇಕಾದಷ್ಟು ಕಡೆ ಸಿಗುತ್ತೆ.

ಹಾಲು ಹಾಕಿದ ಚಾ ಇವರ ನಿಜವಾದ ಹೆಮ್ಮೆ. ಸಿಲೋನ್ ಚಾದ ಬೇರೆ ಬೇರೆ ದರ್ಜೆಯ ಎಲೆ, ಪುಡಿ ಬೆರೆಸಿಕೊಳ್ಳುತ್ತಾರೆ. ಒಂದು ಬಣ್ಣಕ್ಕೆ, ಒಂದು ಘಮಕ್ಕೆ, ಒಂದು ಒಗರಿಗೆ. ಯಾವುದು ಎಷ್ಟು ಅನ್ನೋದು ಆಯಾ ಅಂಗಡಿಯ ಗುಟ್ಟು. ಉದ್ದನೆಯ ಬಟ್ಟೆ ಚೀಲದಲ್ಲಿ ಅದನ್ನು ಹಾಕಿ, ಕಾಯಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು, ಮತ್ತೆ ಚೀಲಕ್ಕೆ ಸುರಿಯುತ್ತಾರೆ. ಚಾ ಕುಡಿದು ಕಂದಾದ ಆ ಚೀಲ ಹೆಂಗಸರ ಕಾಲುಚೀಲದ ಹಾಗೆ ಕಾಣುತ್ತೆ ಅಂತ ಅದಕ್ಕೆ 'ರೇಷ್ಮೆ ಕಾಲುಚೀಲದ ಚಾ' ಅನ್ನೋ ಹೆಸರು. ನಮ್ಮ ರಸ್ತೆ ಬದಿ ಚಾ ಅಂಗಡಿಯ ಬಟ್ಟೆ ಸೋಸಣಿಗೆ ಕಂಡವರಿಗೆ ಇದು ಹೊಸದೇನಲ್ಲ. ವ್ಯತ್ಯಾಸ ಇರೋದು ಹಾಲಿನಲ್ಲಿ. ಅವರು ಹಾಲನ್ನು ಚಾ ಜೊತೆ ಕುದಿಸೋದಿಲ್ಲ. ಡಬ್ಬಿಯಲ್ಲಿ ಬರೋ, ನೀರಿನಂಶ ಇಂಗಿಸಿದ ದಪ್ಪ ಹಾಲನ್ನ ಕಡೆಯಲ್ಲಿ ಸೇರಿಸುತ್ತಾರೆ. ಅದಕ್ಕೇ ಡಿಕಾಕ್ಷನ್ನಿನ ಒಗರು ಸಾಯೋದಿಲ್ಲ, ಹಾಲಿನ ನುಣುಪೂ ಉಳಿಯುತ್ತೆ. ಬೇಕಾದರೆ ಸಕ್ಕರೆ ನಾವೇ ಹಾಕಿಕೊಳ್ಳಬೇಕು. ಒಳ್ಳೇ ಲೋಟದಲ್ಲಿ ಮೊದಲು ಒಗರು ನಾಲಿಗೆ ಹಿಡಿದು ಆಮೇಲೆ ಬಿಡುತ್ತೆ. ಹಿಡಿದಿದ್ದು ಬಿಡದೇ ಕಹಿಯಾಗಿ ಉಳಿದರೆ ಆ ಚಾ ಬಹಳ ಹೊತ್ತು ಒಲೆ ಮೇಲಿತ್ತು ಅಂತ ಅರ್ಥ. ಟೀ ಸೆಟ್ಟಿನ ಹೊತ್ತಿಗಿಂತ ಬೆಳಗಿನ ಚಾ ನನಗೆ ಯಾವಾಗಲೂ ಮೇಲು ಅನ್ನಿಸಿದೆ. ಇದೇ ಚಾಗೆ ಕಾಫಿ ಬೆರೆಸಿದರೆ 'ಯುನ್‌ಯೆಂಗ್'. ಜೋಡಿಯಾಗಿ ತೇಲೋ ಒಂದು ಜಾತಿಯ ಬಾತುಕೋಳಿಯ ಹೆಸರು. ಹೆಸರು ಚೆನ್ನಾಗಿದೆ. ಕುಡಿಯೋಕೆ ನನಗೆ ಅದು ಎರಡೂ ಕೆಡಿಸಿದ ಹಾಗೆ.

ಅನಾನಸ್ ಬನ್ನಿನಲ್ಲಿ ಅನಾನಸ್ ಇರೋದಿಲ್ಲ. ಮೇಲಿನ ಸಕ್ಕರೆ ಪದರ ಬಿರಿದು ಹಣ್ಣಿನ ಸಿಪ್ಪೆಯ ಹಾಗೆ ಕಾಣೋದರಿಂದ ಆ ಹೆಸರು. ಬಿಸಿ ಬನ್ನು ಸೀಳಿ ನಡುವೆ ತಣ್ಣನೆಯ ಬೆಣ್ಣೆಯ ದಪ್ಪ ಹಲ್ಲೆ ಇಡ್ತಾರೆ. ಬೆಣ್ಣೆ ಕರಗೋ ಮೊದಲು ತಿನ್ನಬೇಕು, ಕರಗಿದ ಮೇಲೆ ಅದು ಬರೀ ಜಿಡ್ಡು. ಅಂದರೆ ಇಲ್ಲಿ ವೇಗ ಗಿರಾಕಿಗೂ ಕಡ್ಡಾಯ. ಫೋಟೋ ತೆಗೀತಾ ಕೂತವರಿಗೆ ಇದರ ರುಚಿ ಸಿಗೋದಿಲ್ಲ.

ಅಡುಗೆಯವನ ಕೈ ನೋಡಬೇಕಾದರೆ ಮಾತ್ರ ಒಣಗಿಸಿ ಹುರಿದ ಬೀಫ್ ಹೊ ಫನ್ ತರಿಸಬೇಕು. ಅಗಲವಾದ ಅಕ್ಕಿ ಶಾವಿಗೆ, ದನದ ಮಾಂಸದ ತೆಳು ಚೂರು, ಮೊಳಕೆ, ಈರುಳ್ಳಿ ಹೂ, ಸೋಯಾ ಸಾಸ್. ಇಷ್ಟೇ. ಕೆಂಡದಂಥ ಬಾಣಲೆಯಲ್ಲಿ ಇದನ್ನು ಎಗರಿಸಿ ಎಗರಿಸಿ ಹುರಿಯಬೇಕು. ಆಗ ಬರೋ ಹೊಗೆಯ ಘಮಕ್ಕೆ 'ವೊಕ್ ಹೇ' ಅಂತಾರೆ, ಬಾಣಲೆಯ ಉಸಿರು. ಉರಿ ಸಾಲದಿದ್ದರೆ ಶಾವಿಗೆ ಅಂಟುತ್ತೆ, ಕೈ ಒರಟಾದರೆ ತುಂಡಾಗುತ್ತೆ, ಹೆದರಿ ಎಣ್ಣೆ ಜಾಸ್ತಿ ಹಾಕಿದರೆ ತಟ್ಟೆಯ ತಳದಲ್ಲಿ ಕೆರೆ ನಿಲ್ಲುತ್ತೆ. ತಿಂದು ಮುಗಿಸಿದ ಮೇಲೆ ತಟ್ಟೆ ನೋಡಿ ನಕ್ಷತ್ರ ಕೊಡಿ, ಸರಿಯಾದ ವಿಮರ್ಶೆ ಅದು. ಮೇಜಿನಿಂದ ಒಲೆಗೆ ಹತ್ತು ಹೆಜ್ಜೆ ಇರೋ ಸಣ್ಣ ಅಂಗಡಿಯಲ್ಲಿ ಈ ಉಸಿರು ಆರೋ ಮೊದಲೇ ತಟ್ಟೆ ನಿಮ್ಮ ಮುಂದೆ ಇರುತ್ತೆ. ಮಾಣಿ ಓಡಿದ್ದು ಇದಕ್ಕೂ ಹೌದು.

ಹಾಗಂತ ಎಲ್ಲವನ್ನೂ ಹೊಗಳಬೇಕಿಲ್ಲ. ಡಬ್ಬಿಯ ಲಂಚನ್ ಮೀಟನ್ನ ಇನ್‌ಸ್ಟಂಟ್ ನೂಡಲ್ಸ್ ಮೇಲಿಟ್ಟು ಕೊಡೋದು ಹಳಬರ ಬಾಲ್ಯದ ನೆನಪಿರಬಹುದು, ಹೊರಗಿನವನ ಬಾಯಿಗೆ ಅದು ಉಪ್ಪು ಅಷ್ಟೇ. ಸಸ್ಯಾಹಾರಿಗಳಿಗೆ ನೇರವಾಗಿ ಹೇಳಿಬಿಡ್ತೀನಿ: ಇದು ನಿಮ್ಮ ಹೋಟೆಲಲ್ಲ. ಚಾ ಕುಡಿಯಬಹುದು, ಬೆಣ್ಣೆ ಜಾಮ್ ಹಚ್ಚಿದ ಟೋಸ್ಟು ಅಥವಾ ಮಿಲ್ಕ್‌ಮೇಡ್ ಥರದ ಸಿಹಿ ಹಾಲು ಸುರಿದ ಟೋಸ್ಟು ತಿನ್ನಬಹುದು. ಬನ್ನಿನ ಮೇಲಿನ ಪದರಕ್ಕೆ ಹಂದಿ ಕೊಬ್ಬು ಹಾಕೋದು ಹಳೇ ಕ್ರಮ, ಸೂಪಿಗೆ ಮಾಂಸದ ರಸ. ಕೇಳಿ ತಿಳ್ಕೊಳ್ಳೋಣ ಅಂದ್ರೆ ಆ ಗಡಿಬಿಡಿಯಲ್ಲಿ ಉತ್ತರ ಹೇಳೋ ಪುರುಸೊತ್ತು ಅವರಿಗಿಲ್ಲ. ಅದನ್ನ ಕೊರತೆ ಅಂತ ಬರೆಯೋದು ನ್ಯಾಯವೇ.

ಇನ್ನೊಂದು ದೊಡ್ಡದು. ಈ ವೇಗದ ಬೆಲೆ ಕೊಡೋರು ಯಾರು? ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರೋ ಆ ಮಾಣಿಗಳು. ಎಷ್ಟೋ ಕಡೆ ಅವರು ಐವತ್ತು ಅರವತ್ತು ದಾಟಿದವರು. ನಾನು ಮರ್ಯಾದೆ ಅಂತ ಕರೆದಿದ್ದು ಅವರ ಮೊಣಕಾಲಿನ ಮೇಲೆ ನಿಂತಿದೆ. ಅವರ ಮುಖದಲ್ಲಿ ನಗು ಇಲ್ಲ ಅಂತ ಬರೆಯೋರು ಅವರ ಪಾಳಿ ಎಷ್ಟು ಗಂಟೆಯದು ಅಂತಲೂ ಬರೆದರೆ ವಿಮರ್ಶೆ ಪೂರ್ತಿ ಆಗುತ್ತೆ.

ಆದರೆ ಈಗ ಚಾ ಚಾನ್ ತೆಂಗ್‌ಗೆ ದೂರುವವರಿಗಿಂತ ಹೊಗಳುವವರಿಂದಲೇ ಹೆಚ್ಚು ಅಪಾಯ ಅಂತ ನನಗನ್ನಿಸುತ್ತೆ. ಹಾಂಗ್‌ಕಾಂಗ್ ಸರ್ಕಾರ 2014ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಮೊದಲ ಪಟ್ಟಿ ಹೊರಡಿಸಿತು. ಅದರಲ್ಲಿದ್ದ 480 ಬಾಬತ್ತುಗಳಲ್ಲಿ ಹಾಲಿನ ಚಾ ಮಾಡುವ ಕಲೆಯೂ ಒಂದು. 2017ರಲ್ಲಿ ಅದರಿಂದ 20ನ್ನು ಮಾತ್ರ ಆರಿಸಿ ಪ್ರಾತಿನಿಧಿಕ ಪಟ್ಟಿ ಮಾಡಿದಾಗಲೂ ಈ ಚಾ ಉಳಿಯಿತು. ಸಂತೋಷ. ಆದರೆ ಪಟ್ಟಿಯಲ್ಲಿ ಸೇರಿದ್ದು ಚಾ ಮಾಡೋ ವಿಧಾನ. ಆ ಚಾ ಕುಡಿಯೋ ಮೇಜು ಯಾವ ಪಟ್ಟಿಯಲ್ಲೂ ಇಲ್ಲ. ಹೆಸರು ಬಿದ್ದ ಅಂಗಡಿಗಳ ಮುಂದೆ ಈಗ ಮೊಬೈಲು ಹಿಡಿದ ಪ್ರವಾಸಿಗರ ಸಾಲು ನಿಂತಿರುತ್ತೆ. ಇಪ್ಪತ್ತು ನಿಮಿಷದ ವಿರಾಮ ಇರೋ ಮನುಷ್ಯ ಆ ಸಾಲಿನಲ್ಲಿ ನಿಲ್ಲೋಕಾಗಲ್ಲ. ಅವನು ಬರೋದು ಬಿಟ್ಟ ಮೇಲೆ ಅದೇ ಚಾ, ಅದೇ ಬನ್ನು, ಅದೇ ಬೈಗುಳದ ಮಾಣಿ ಇದ್ದರೂ ಅದು ನಾಟಕ ಆಗುತ್ತೆ. ಈಚೆಗೆ ಮಾಲುಗಳಲ್ಲಿ ಹಳೇ ಬಣ್ಣದ ಹೆಂಚು, ಹಳೇ ಫ್ಯಾನು ಹಾಕಿಸಿ ಬಿಂಗ್ ಸಾಟ್ ಅಂತ ಬೋರ್ಡು ಹಾಕಿದ ಹೊಸ ಹೋಟೆಲುಗಳೂ ಬಂದಿವೆ. ಚಾ ಕೆಟ್ಟದಿರೋದಿಲ್ಲ. ಬಿಲ್ಲಿಗೆ ಶೇಕಡಾ 10 ಸೇರಿರುತ್ತೆ, ಮುಗುಳ್ನಗೆಯೂ ಸಿಗುತ್ತೆ. ಒಬ್ಬರೇ ಹೋದರೆ ಇಬ್ಬರ ಮೇಜಿಗೆ ಕೂರಿಸಿ ಎದುರಿನ ಕುರ್ಚಿ ಖಾಲಿ ಬಿಡ್ತಾರೆ.

ಹಾಗಾಗಿ ಹೋಗೋರಿಗೆ ನನ್ನ ಸಲಹೆ ಚಿಕ್ಕದು. ಪುಸ್ತಕದಲ್ಲಿ ಹೆಸರು ಬಂದ ಅಂಗಡಿ ಬಿಡಿ, ನೀವು ಉಳಿದುಕೊಂಡ ಬೀದಿಯದ್ದಕ್ಕೇ ಹೋಗಿ. ಒಂದರಿಂದ ಎರಡರ ನಡುವೆ ಹೋಗಬೇಡಿ, ಆ ಹೊತ್ತು ನಿಮ್ಮದಲ್ಲ. ಏನು ಬೇಕು ಅಂತ ಬಾಗಿಲಲ್ಲೇ ನಿರ್ಧಾರ ಮಾಡಿ. ಕೂರಿಸಿದಲ್ಲಿ ಕೂತು, ಎದುರಿಗಿದ್ದವರ ತಟ್ಟೆಗೆ ಮೊಣಕೈ ತಗುಲದ ಹಾಗೆ ತಿಂದು, ಚೀಟಿ ಹಿಡಿದು ಏಳಿ. ಆಮೇಲೆ ನಕ್ಷತ್ರ ಕೊಡೋದಿದ್ದರೆ ಕೊಡಿ. ಚಾ ಒಗರಾಗಿತ್ತಾ ಕಹಿಯಾಗಿತ್ತಾ, ಸೂಪಿನಲ್ಲಿ ಕೋಳಿ ಇತ್ತಾ ಪುಡಿ ಇತ್ತಾ, ತಟ್ಟೆಯ ತಳದಲ್ಲಿ ಎಣ್ಣೆ ಎಷ್ಟಿತ್ತು ಅಂತ ಬರೀರಿ. ನಗಲಿಲ್ಲ ಅಂತ ಮಾತ್ರ ಬರೀಬೇಡಿ. ನೀವು ಎದ್ದ ಜಾಗದಲ್ಲಿ ಅಷ್ಟು ಹೊತ್ತಿಗೆ ಇನ್ನೊಬ್ಬರು ಕೂತು ಬಿಸಿ ಸೂಪು ಕುಡೀತಾ ಇರ್ತಾರೆ.